ದುಡ್ಡು ಕಟ್ಟಿದವರಿಗೆ ಮಾತ್ರ ತೆರೆಯೋ ಆ್ಯಪ್, ಅದಕ್ಕೂ ಪೇಟೆಂಟ್ ನೋಟಿಸ್ ಬರತ್ತಾ?

ಪ್ರಶ್ನೆ (ಸ್ವಲ್ಪ ಮೊಟಕು ಮಾಡಿದೀನಿ): "ಸರ್, ನಾನು ಶಿರಸಿ ಕಡೆಯವನು. ಗೆಳೆಯನ ಜೊತೆ ಸೇರಿ ಹಳೇ ತಾಳಮದ್ದಳೆ, ಯಕ್ಷಗಾನದ ರೆಕಾರ್ಡಿಂಗ್‌ಗಳನ್ನ ಕಲಾವಿದರ ಮನೆಯವರ ಒಪ್ಪಿಗೆ ತಗೊಂಡು ಒಂದು ಆ್ಯಪ್‌ಗೆ ಹಾಕಿ ಎರಡು ವರ್ಷ ಆಯ್ತು. ತಿಂಗಳಿಗೆ 99 ರೂಪಾಯಿ. ಕಟ್ಟಿದವರು ಫೋನಿಗೆ ಇಳಿಸ್ಕೊಂಡು ನೆಟ್ ಇಲ್ದಿದ್ರೂ ಕೇಳ್ಬೋದು, ಪ್ಲಾನ್ ಮುಗಿದ್ರೆ ಫೈಲ್ ಲಾಕ್ ಆಗತ್ತೆ. ಅಮೆರಿಕದಲ್ಲಿರೋ ನಮ್ಮ ಕಡೆಯವರೂ ಡಾಲರ್‌ನಲ್ಲಿ ಕಟ್ಟಿ ಕೇಳ್ತಾರೆ. ಹೋದ ವಾರ ಟೆಕ್ಸಾಸ್ ವಿಳಾಸ ಇರೋ ಒಂದು ಕಂಪನಿಯಿಂದ ಮೇಲ್ ಬಂತು. ನಿಮ್ಮ ಆ್ಯಪ್ ನಮ್ಮ ಎರಡು ಪೇಟೆಂಟ್ ಉಲ್ಲಂಘಿಸ್ತಿದೆ, 30 ದಿನದಲ್ಲಿ 18,000 ಡಾಲರ್ ಕೊಟ್ಟು ಲೈಸೆನ್ಸ್ ತಗೊಳ್ಳಿ ಅಂತ. ಕೋಡ್ ನಾವೇ ಬರೆದಿದ್ದು, ಸರ್ವರ್ ಮುಂಬೈನಲ್ಲಿದೆ, ಪೇಮೆಂಟ್ ಗೂಗಲ್ ಪ್ಲೇ ಮೂಲಕ. ಭಾವ ಹೇಳ್ತಾರೆ ಮೇಲ್ ಡಿಲೀಟ್ ಮಾಡು ಅಂತ. ನೆಟ್‌ನಲ್ಲಿ ಹುಡುಕಿದ್ರೆ ಇಂಥದ್ದೇ ವಿಷಯಕ್ಕೆ ಆ್ಯಪಲ್‌ಗೆ 53 ಕೋಟಿ ಡಾಲರ್ ದಂಡ ಅಂತ ಬರತ್ತೆ, ನಿದ್ದೆ ಬರ್ತಿಲ್ಲ. ನಾವೇ ಒಂದು ಪೇಟೆಂಟ್ ಹಾಕ್ಬಿಟ್ರೆ ಬಚಾವಾಗ್ತೀವಾ?"

ಮೊದಲು ಆ 53 ಕೋಟಿ ಡಾಲರ್ ಕಥೆ ಮುಗಿಸೋಣ, ನಿಮ್ಮ ನಿದ್ದೆ ಕೆಡಿಸಿದ್ದು ಅದೇ ಅಂತ ಕಾಣತ್ತೆ, ಮತ್ತೆ ನೀವು ಓದಿರೋದು ಅರ್ಧ ಕಥೆ.

ಅದು ಸ್ಮಾರ್ಟ್‌ಫ್ಲ್ಯಾಶ್ ಅನ್ನೋ ಕಂಪನಿಯ ಕೇಸು. ಟೆಕ್ಸಾಸ್‌ನ ಟೈಲರ್ ಅನ್ನೋ ಊರಲ್ಲಿ ಆಫೀಸು, ತಾನೇ ತಯಾರಿಸಿ ಮಾರೋ ವಸ್ತು ಒಂದೂ ಇಲ್ಲ, ಕೈಯಲ್ಲಿರೋದು ಪೇಟೆಂಟ್ ಮಾತ್ರ. ಪ್ಯಾಟ್ರಿಕ್ ರಾಟ್ಸ್ ಅನ್ನೋರ ಆವಿಷ್ಕಾರ ಅವು, ಮೂಲ ಅರ್ಜಿ 1999ರದ್ದು. ಅದರಲ್ಲಿ ಇದ್ದಿದ್ದೇನು ಅಂದ್ರೆ: ಬಳಕೆದಾರ ದುಡ್ಡು ಕಟ್ಟಿದ್ದು ದೃಢ ಆಗಬೇಕು, ಆಮೇಲೆ ಹಾಡೋ ಗೇಮೋ ತಂದು ಒಂದು ಸ್ಟೋರೇಜ್ ಸಾಧನಕ್ಕೆ ಬರೀಬೇಕು, ಅದರ ಜೊತೆಗೆ ಯಾವ ಷರತ್ತಿನ ಮೇಲೆ ತೆರೀಬೋದು ಅನ್ನೋ ನಿಯಮವೂ ಬರಬೇಕು. ಓದಿದ್ರೆ ನಿಮ್ಮ ಆ್ಯಪ್‌ನೇ ಯಾರೋ ನೋಡಿ ಬರೆದ ಹಾಗಿದೆ ಅಲ್ವಾ, ಆ್ಯಪಲ್‌ನ ಹಾಡು ಮಾರೋ ಐಟ್ಯೂನ್ಸ್ ನೋಡಿದವರಿಗೂ ಹಂಗೇ ಅನ್ನಿಸ್ತು. 2013ರಲ್ಲಿ ಕೇಸ್ ಹಾಕಿದ್ರು, ಮೊದಲು ಆ್ಯಪಲ್ ಜೊತೆ ಕೆಲವು ಚಿಕ್ಕ ಗೇಮ್ ಕಂಪನಿಗಳ ಹೆಸರೂ ಇತ್ತು. ಸ್ಮಾರ್ಟ್‌ಫ್ಲ್ಯಾಶ್ ಕೇಳಿದ್ದು 85.2 ಕೋಟಿ ಡಾಲರ್, ಫೆಬ್ರವರಿ 2015ರಲ್ಲಿ ಜ್ಯೂರಿ ಕೊಟ್ಟಿದ್ದು 53.29 ಕೋಟಿ, ಅದರ ಜೊತೆಗೆ ಆ್ಯಪಲ್ ಬೇಕಂತಲೇ ಉಲ್ಲಂಘಿಸಿದೆ ಅಂತಾನೂ ಹೇಳ್ತು. ಪೇಪರ್‌ನೋರು ಅಲ್ಲಿಗೆ ಬರೆದು ಬಿಟ್ರು. ಅದೇ ವರ್ಷ ಜುಲೈನಲ್ಲಿ ಜಡ್ಜ್ ರಾಡ್ನಿ ಗಿಲ್‌ಸ್ಟ್ರಾಪ್ ಅವರೇ ಪರಿಹಾರದ ಮೊತ್ತ ರದ್ದು ಮಾಡಿದ್ರು, ಲೆಕ್ಕ ಹಾಕೋ ಬಗ್ಗೆ ತಾನು ಜ್ಯೂರಿಗೆ ಹೇಳಿದ ಸೂಚನೆ ದಾರಿ ತಪ್ಪಿಸಿರಬೋದು ಅಂತ. ಮಾರ್ಚ್ 1, 2017ಕ್ಕೆ ಫೆಡರಲ್ ಸರ್ಕಿಟ್ ಅನ್ನೋ ಮೇಲ್ಮನವಿ ಕೋರ್ಟು ಇನ್ನೂ ಮುಂದೆ ಹೋಗಿ ಆ ಕ್ಲೇಮುಗಳೇ (ಯಾವುದರ ಮೇಲೆ ಹಕ್ಕು ಅಂತ ಪೇಟೆಂಟಿನಲ್ಲಿ ನಂಬರ್ ಹಾಕಿ ಬರೆದ ಸಾಲುಗಳು) ಊರ್ಜಿತ ಅಲ್ಲ ಅಂದ್ಬಿಡ್ತು. ಆ್ಯಪಲ್ ಆ ತೀರ್ಪಿನ ಪ್ರಕಾರ ಕೊಡಬೇಕಾಗಿದ್ದು ಸೊನ್ನೆ.

ಯಾಕೆ ಬಿತ್ತು ಅನ್ನೋದು ನಿಮಗೆ ಮುಖ್ಯ. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆಲಿಸ್ ವರ್ಸಸ್ ಸಿಎಲ್ಎಸ್ ಬ್ಯಾಂಕ್ ಅನ್ನೋ ಕೇಸಲ್ಲಿ ಹೇಳಿದ್ದು ಏನಂದ್ರೆ, ಬರೀ ಅಮೂರ್ತ ಐಡಿಯಾಗೆ ಪೇಟೆಂಟ್ ಇಲ್ಲ, ಆ ಐಡಿಯಾನ ಮಾಮೂಲಿ ಕಂಪ್ಯೂಟರ್ ಮೇಲೆ ಓಡಿಸಿದ್ರೂ ಇಲ್ಲ, ಅದಕ್ಕಿಂತ ಹೆಚ್ಚಿನದೇನೋ ಇರಬೇಕು. ಟಿಕೆಟ್ ತಗೊಂಡವರನ್ನ ಮಾತ್ರ ಡೇರೆ ಒಳಗೆ ಬಿಡೋದು ನಮ್ಮ ಡೇರೆ ಮೇಳದವರು ಮೊದಲಿಂದ ಮಾಡ್ಕೊಂಡು ಬಂದಿರೋದು, ಗೇಟಲ್ಲಿ ನಿಂತವನ ಬದಲು ಕಂಪ್ಯೂಟರ್ ನಿಲ್ಲಿಸಿದ ಮಾತ್ರಕ್ಕೆ ಹೊಸ ಆವಿಷ್ಕಾರ ಆಗಲ್ಲ. ಫೆಡರಲ್ ಸರ್ಕಿಟ್ ಹೇಳಿದ್ದರ ತಾತ್ಪರ್ಯ ಇದೇ: ದುಡ್ಡು ಕೊಟ್ಟಿದ್ದರ ಮೇಲೆ ಡೇಟಾ ತೆರೆಯೋದನ್ನ ನಿಯಂತ್ರಿಸೋದು ಅಮೂರ್ತ ಐಡಿಯಾ, ಉಳಿದಿದ್ದೆಲ್ಲ ಮಾಮೂಲಿ ಕಂಪ್ಯೂಟರ್ ಕೆಲಸ.

ಹಾಗಂತ ಈ ಜಾತಿಯ ಪೇಟೆಂಟ್ ಎಲ್ಲಾ ಜೊಳ್ಳು ಅಂದ್ಕೋಬೇಡಿ, ಇಲ್ಲೇ ಜನ ಎಡವೋದು. ಇಂಟರ್‌ಟ್ರಸ್ಟ್ ಅನ್ನೋ ಕಂಪನಿಗೆ ಡಿಆರ್‌ಎಂ (ಅನುಮತಿ ಇದ್ದವರಿಗೆ ಮಾತ್ರ ಫೈಲ್ ತೆರೆಯೋ ಡಿಜಿಟಲ್ ಬೀಗ) ಪೇಟೆಂಟ್‌ಗಳ ಸಲುವಾಗಿ 2004ರಲ್ಲಿ ಮೈಕ್ರೋಸಾಫ್ಟ್ 44 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಳ್ತು, ಅದು ಸುಮ್ನೆ ಬಿಡಿಗಾಸಲ್ಲ. ಝೆರಾಕ್ಸ್ ಲ್ಯಾಬಿನಲ್ಲಿ ಹುಟ್ಟಿದ ಡಿಆರ್‌ಎಂ ಪೇಟೆಂಟ್‌ಗಳನ್ನ ಹಿಡ್ಕೊಂಡು ಕಂಟೆಂಟ್‌ಗಾರ್ಡ್ ಕಂಪನಿ ಆ್ಯಪಲ್ ಮೇಲೆ ಹೋದಾಗ 2015ರಲ್ಲಿ ಜ್ಯೂರಿ ಆ್ಯಪಲ್ ಉಲ್ಲಂಘಿಸಿಲ್ಲ ಅಂತು, ಆದ್ರೆ ಪೇಟೆಂಟ್ ಮಾತ್ರ ಊರ್ಜಿತವೇ ಅಂತು. ಅಂದ್ರೆ ಪೇಟೆಂಟ್ ಗಟ್ಟಿ ಇದೆಯಾ ಅನ್ನೋದೇ ಒಂದು ಪ್ರಶ್ನೆ, ನೀವು ಅದರೊಳಗೆ ಬೀಳ್ತೀರಾ ಅನ್ನೋದೇ ಇನ್ನೊಂದು. ನಿಮ್ಮ ಭಾವನವರು ಎರಡನ್ನೂ ಒಂದೇ ಮಾಡಿ ಡಿಲೀಟ್ ಬಟನ್ ಒತ್ತು ಅಂತಿದಾರೆ.

ಈಗ ನಿಮ್ಮ ನಂಬಿಕೆಗಳಿಗೆ ಬರ್ತೀನಿ. ಕೋಡ್ ನಾವೇ ಬರೆದಿದ್ದು ಅಂತೀರಿ. ಕಾಪಿರೈಟ್ ಆಗಿದ್ರೆ ಅದು ಒಳ್ಳೇ ಉತ್ತರ, ಪೇಟೆಂಟ್‌ನಲ್ಲಿ ಅಲ್ಲ. ಇನ್ನೊಬ್ಬರ ಪೇಟೆಂಟ್ ಕಣ್ಣಲ್ಲೂ ನೋಡದೆ, ನೀವೇ ರಾತ್ರಿ ಕೂತು ಯೋಚಿಸಿ ಅದೇ ವಿಧಾನ ಕಂಡುಹಿಡಿದ್ರೂ ಅದು ಉಲ್ಲಂಘನೆಯೇ. ಓಪನ್ ಸೋರ್ಸ್ ಪ್ಲೇಯರ್ ಬಳಸಿದೀವಿ ಅಂತ ನೀವು ಮೇಲ್‌ನ ಕೊನೆಗೆ ಬರೆದಿದ್ರಿ, ಅದೂ ಅಷ್ಟೆ. ಅಂಥ ಕೋಡ್‌ಗೆ ಬಳಸೋ ಅಪಾಚೆ 2.0 ಲೈಸೆನ್ಸ್‌ನಲ್ಲಿ ಪೇಟೆಂಟ್ ಅನುಮತಿ ಇದೆ ಹೌದು, ಆದ್ರೆ ಅದು ಆ ಕೋಡ್ ಬರೆದು ಕೊಟ್ಟವರ ಪೇಟೆಂಟ್‌ಗೆ ಮಾತ್ರ, ಟೆಕ್ಸಾಸ್‌ನಲ್ಲಿ ಕೂತ ಮೂರನೆಯವರು ಅದಕ್ಕೆ ಕಟ್ಟುಬಿದ್ದಿಲ್ಲ.

ಸರ್ವರ್ ಮುಂಬೈನಲ್ಲಿದೆ ಅನ್ನೋದು ಅರ್ಧ ರಕ್ಷಣೆ. ಪೇಟೆಂಟ್ ಆಯಾ ದೇಶದ ಗಡಿಯೊಳಗೆ ಮಾತ್ರ ಅನ್ನೋದು ನಿಜ, ಅಮೆರಿಕದ ಪೇಟೆಂಟ್ ಇಟ್ಕೊಂಡು ಶಿರಸಿಯಲ್ಲಿ ಕೇಳೋರ ವಿಷಯಕ್ಕೆ ಯಾರೂ ನಿಮ್ಮನ್ನ ಮುಟ್ಟೋ ಹಾಗಿಲ್ಲ. ಆದ್ರೆ ಅಮೆರಿಕದಲ್ಲಿ ಕೂತವರಿಗೆ ಡಾಲರ್‌ನಲ್ಲಿ ಮಾರ್ತಿದೀರಿ. ಬ್ಲ್ಯಾಕ್‌ಬೆರಿ ಮಾಡ್ತಿದ್ದ ರಿಸರ್ಚ್ ಇನ್ ಮೋಶನ್ ಕಂಪನಿ ಇದೇ ವಾದ ಹೂಡಿತ್ತು, ಮೇಲ್ ಮುಂದಕ್ಕೆ ದಾಟಿಸೋ ನಮ್ಮ ರಿಲೇ ಯಂತ್ರ ಕೆನಡಾದಲ್ಲಿದೆ ಅಂತ. 2005ರಲ್ಲಿ ಅವರ ಮೇಲೆ ಎನ್‌ಟಿಪಿ ಅನ್ನೋ ಕಂಪನಿ ಹಾಕಿದ್ದ ಆ ಕೇಸಲ್ಲಿ ಫೆಡರಲ್ ಸರ್ಕಿಟ್ ಹೇಳ್ತು, ಇಡೀ ವ್ಯವಸ್ಥೆಯ ಮೇಲೆ ಹಿಡಿತ ಇಟ್ಕೊಂಡು ಅದರ ಪ್ರಯೋಜನ ಪಡೆಯೋ ಬಳಕೆದಾರ ಅಮೆರಿಕದಲ್ಲಿದ್ರೆ ವ್ಯವಸ್ಥೆಯ 'ಬಳಕೆ' ಅಲ್ಲೇ ನಡೆದ ಹಾಗೆ, ಆದ್ರೆ 'ವಿಧಾನ'ದ ಕ್ಲೇಮ್ ಆಗಿದ್ರೆ ಎಲ್ಲಾ ಹಂತವೂ ಅಮೆರಿಕದೊಳಗೇ ನಡೆದಿರಬೇಕು. ಮುಂದಿನ ವರ್ಷ ರಿಸರ್ಚ್ ಇನ್ ಮೋಶನ್‌ನವರು 61.25 ಕೋಟಿ ಡಾಲರ್ ಕೊಟ್ಟು ಕೈತೊಳ್ಕೊಂಡ್ರು. ಹಾಗಾಗಿ ನಿಮಗೆ ತೋರಿಸಿರೋ ಕ್ಲೇಮ್ ವ್ಯವಸ್ಥೆಯದ್ದಾ ವಿಧಾನದ್ದಾ ಅಂತ ನೋಡ್ಬೇಕು, ವಿಧಾನದ್ದಾದ್ರೆ ಮುಂಬೈ ಸರ್ವರ್ ನಿಜವಾಗ್ಲೂ ಕೆಲಸಕ್ಕೆ ಬರತ್ತೆ.

ಪೇಮೆಂಟ್ ಗೂಗಲ್ ಮೂಲಕ, ಅವರೇ ನೋಡ್ಕೋತಾರೆ ಅನ್ನೋದಕ್ಕೆ ಒಂದು ಹಳೇ ಉದಾಹರಣೆ ಇದೆ. 2011ರಲ್ಲಿ ಲಾಡ್‌ಸಿಸ್ ಅನ್ನೋ ಕಂಪನಿ ಐಫೋನ್ ಆ್ಯಪ್ ಮಾಡೋ ಪುಟ್ಟ ಪುಟ್ಟ ಡೆವಲಪರ್‌ಗಳಿಗೆ ಕಾಗದ ಕಳಿಸ್ತು, ಆ್ಯಪ್ ಒಳಗೆ ಖರೀದಿ ಬಟನ್ ಇಟ್ಟಿದ್ದಕ್ಕೆ! ಅಮೆರಿಕದ ಆದಾಯದ 0.575 ಪರ್ಸೆಂಟ್ ಕೊಡಿ ಅಂತ. ಸ್ಕಾಟ್ಲೆಂಡಿನಲ್ಲಿ ಒಬ್ಬನೇ ಕೂತು ಆ್ಯಪ್ ಮಾಡೋನಿಗೂ ಹೋಯ್ತು ಆ ಕಾಗದ. ಆ್ಯಪಲ್ ಹತ್ರ ಆ ಪೇಟೆಂಟ್‌ಗಳಿಗೆ ಲೈಸೆನ್ಸ್ ಇತ್ತು, ಅದು ಡೆವಲಪರ್‌ಗಳಿಗೂ ಅನ್ವಯ ಆಗತ್ತೆ ಅಂತ ಆ್ಯಪಲ್ ಪತ್ರ ಬರೀತು, ಕೋರ್ಟಿಗೂ ಬಂತು. ಲಾಡ್‌ಸಿಸ್ ಏನ್ಮಾಡ್ತು ಗೊತ್ತಾ, ಕೇಸಲ್ಲಿದ್ದ ಡೆವಲಪರ್‌ಗಳ ಜೊತೆ ಒಬ್ಬೊಬ್ಬರ ಹತ್ರಾನೂ ರಾಜಿ ಮುಗಿಸ್ತಾ ಬಂತು, ಕೊನೆಗೆ 2013ರಲ್ಲಿ ಇನ್ನು ತೀರ್ಮಾನಿಸೋಕೆ ವಿವಾದವೇ ಉಳಿದಿಲ್ಲ ಅಂತ ಆ್ಯಪಲ್ ಎತ್ತಿದ ಪ್ರಶ್ನೆಗೆ ಉತ್ತರವೇ ಸಿಗದೆ ಹೋಯ್ತು. ಅದಕ್ಕೆ ನಾನು ಹೇಳೋದು, ಪ್ಲೇ ಸ್ಟೋರ್ ಡೆವಲಪರ್ ಸಪೋರ್ಟ್‌ಗೆ ಒಂದು ಕಾಗದ ಖಂಡಿತ ಬರೀರಿ, ಈ ಪೇಟೆಂಟ್‌ಗೆ ನಿಮ್ಮ ಹತ್ರ ಲೈಸೆನ್ಸ್ ಇದೆಯಾ ಅಂತ ಕೇಳಿ, ಇದ್ರೆ ಅದು ದೊಡ್ಡ ಆಯುಧ. ಆದ್ರೆ ನಿಮ್ಮ ಪರವಾಗಿ ಅವರು ಕೋರ್ಟಿಗೆ ಬಂದು ನಿಲ್ತಾರೆ ಅಂತ ಲೆಕ್ಕ ಹಾಕ್ಬೇಡಿ, ಅಂಥ ಭರವಸೆ ನಿಮ್ಮ ಅಗ್ರಿಮೆಂಟ್‌ನಲ್ಲಿ ಬರೆದಿದೆಯಾ ಅಂತ ಮೊದಲು ಓದಿ.

ಇನ್ನು ನೀವು ಕಳಿಸಿದ ಎರಡು ಪೇಟೆಂಟ್ ನಂಬರ್. ಎರಡೂ ಅಮೆರಿಕದವೇ, ಅದೇ ಆವಿಷ್ಕಾರಕ್ಕೆ ಭಾರತದಲ್ಲಿ ತಗೊಂಡ ಪೇಟೆಂಟ್ ಕಾಣಲಿಲ್ಲ. ಒಂದರ ಅವಧಿ ಮುಗಿದಿದೆ. ಸಾಮಾನ್ಯ ಲೆಕ್ಕ ಅಂದ್ರೆ ಮೊದಲ ಅರ್ಜಿ ದಿನದಿಂದ 20 ವರ್ಷ, ಆದ್ರೆ ಅಮೆರಿಕದಲ್ಲಿ ಜೂನ್ 8, 1995ಕ್ಕಿಂತ ಮುಂಚೆ ಹಾಕಿದ ಅರ್ಜಿಗಳಿಗೆ ಮಂಜೂರಾದ ದಿನದಿಂದ 17 ವರ್ಷ ಸಿಗ್ತಿತ್ತು. ಪರ್ಸನಲೈಸ್ಡ್ ಮೀಡಿಯಾ ಕಮ್ಯುನಿಕೇಶನ್ಸ್ ಅನ್ನೋರು ಆ ಗಡುವಿನ ಮುಂಚೆ ನೂರಾರು ಅರ್ಜಿ ತುರುಕಿ, 2012ರಲ್ಲಿ ಕೈಗೆ ಬಂದ ಒಂದು ಪೇಟೆಂಟ್ ಹಿಡ್ಕೊಂಡು ಆ್ಯಪಲ್‌ನ ಫೇರ್‌ಪ್ಲೇ ಡಿಆರ್‌ಎಂ ಮೇಲೆ ಹೋಗಿ 2021ರಲ್ಲಿ 30.85 ಕೋಟಿ ಡಾಲರ್ ಗೆದ್ರು. ಮತ್ತದೇ ಗಿಲ್‌ಸ್ಟ್ರಾಪ್, ಕೆಲವೇ ತಿಂಗಳಲ್ಲಿ, ಅರ್ಜಿಗಳನ್ನ ಬೇಕಂತಲೇ ಎಳೆದಾಡಿದೀರಿ ಅಂತ ಪೇಟೆಂಟ್ ಜಾರಿ ಮಾಡೋ ಹಾಗಿಲ್ಲ ಅಂದ್ರು, 2023ರಲ್ಲಿ ಮೇಲಿನ ಕೋರ್ಟೂ ಒಪ್ಕೊಳ್ತು. ನಿಮ್ಮದು ಅಂಥ ಹಳೇ ಕಾಲದ್ದಲ್ಲ, ಆದ್ರೂ ಒಂದು ಮಾತು: ಅವಧಿ ಮುಗಿದ ಪೇಟೆಂಟ್ ಮೇಲೂ ಹಿಂದಿನ 6 ವರ್ಷದ ಪರಿಹಾರ ಕೇಳ್ಬೋದು ಅಲ್ಲಿ. ನಿಮ್ಮ ಆ್ಯಪ್ ಶುರುವಾಗೋ ಮುಂಚೆಯೇ ಈ ಪೇಟೆಂಟ್ ಮುಗಿದಿದೆ, ಹಾಗಾಗಿ ಅದನ್ನ ತಲೆಯಿಂದ ತೆಗೆದುಬಿಡಿ. ಮುಗಿದ ಪೇಟೆಂಟನ್ನೂ ಸೇರಿಸಿ ದುಡ್ಡು ಕೇಳಿದಾರೆ ಅಂದ್ರೆ ಕಾಗದ ಬರೆದವರು ನಿಮ್ಮ ಆ್ಯಪ್ ತೆರೆದು ನೋಡಿದಾರೋ ಇಲ್ವೋ ಅನ್ನೋ ಅನುಮಾನ ನನಗೆ.

ಎರಡನೆಯದು ಇನ್ನೂ ಜೀವಂತ. ಅದರ ಹೆಸರು, ಸಾರಾಂಶ, ಚಿತ್ರ ನೋಡಿ ಹೆದರ್ಕೊಂಡಿದೀರಿ, ಅವುಗಳಿಗೆ ಬೆಲೆ ಕಮ್ಮಿ. ಬೆಲೆ ಇರೋದು ಕೊನೆಯಲ್ಲಿ ನಂಬರ್ ಹಾಕಿ ಬರೆದಿರ್ತಾರಲ್ಲ, ಆ ಕ್ಲೇಮುಗಳಿಗೆ. ಒಂದು ಕ್ಲೇಮಿನಲ್ಲಿ ಏಳು ಅಂಶ ಇದ್ರೆ ಏಳೂ ನಿಮ್ಮಲ್ಲಿ ಇರಬೇಕು, ನೇರವಾಗೋ ಅದಕ್ಕೆ ಸಮಾನವಾಗೋ. ಒಂದು ಇಲ್ಲ ಅಂದ್ರೆ ಉಲ್ಲಂಘನೆ ಇಲ್ಲ. ಈ ಪೇಟೆಂಟಿನ ಮುಖ್ಯ ಕ್ಲೇಮಿನಲ್ಲಿ ಪಾವತಿಯ ಮಾಹಿತಿ ಫೋನಿನ ಮೆಮೊರಿಯಲ್ಲೇ ಕೂತಿರಬೇಕು, ಅಲ್ಲಿಂದಲೇ ಓದಿ ಸರ್ವರ್‌ಗೆ ಕಳಿಸಬೇಕು ಅಂತಿದೆ. ನಿಮ್ಮಲ್ಲಿ ಕಾರ್ಡ್ ವಿವರ ಗೂಗಲ್ ಹತ್ರ ಇರತ್ತೆ, ಆ್ಯಪ್‌ಗೆ ಬರೋದು ಒಂದು ಖರೀದಿ ಟೋಕನ್, ಅಂದ್ರೆ ದುಡ್ಡು ಕಟ್ಟಿದ್ದಕ್ಕೆ ಗುರುತಿನ ಕೋಡ್. ಆ ಟೋಕನ್ 'ಪಾವತಿಯ ಮಾಹಿತಿ' ಅನ್ನಿಸ್ಕೊಳತ್ತಾ? ಅವರು ಹೌದು ಅಂತಾರೆ, ನಾನು ಕಷ್ಟ ಅಂತೀನಿ. ಇಡೀ ಜಗಳ ಈ ಒಂದು ಪದದ ಮೇಲೆ ನಿಲ್ಲೋ ಹಾಗಿದೆ. ಅದಕ್ಕೆ ನಿಮ್ಮ ಹುಡುಗರು ಟೋಕನ್ ಎಲ್ಲಿ ಸೇವ್ ಆಗತ್ತೆ, ಲಾಕ್ ಆದ ಫೈಲ್ ಬಿಚ್ಚೋ ಕೀ (ಎಇಎಸ್ ಅನ್ನೋ ಗೂಢಲಿಪಿಯದು) ಎಲ್ಲಿಂದ ಬರತ್ತೆ, ಪ್ಲಾನ್ ಮುಗಿದಿದ್ದು ಫೋನಿಗೆ ಹೇಗೆ ಗೊತ್ತಾಗತ್ತೆ ಅನ್ನೋದನ್ನ ಇವತ್ತೇ ಎರಡು ಪುಟದಲ್ಲಿ ಬರೆದಿಡ್ಲಿ, ಆದ್ರೆ ಅದನ್ನ ವಕೀಲರಿಗೆ ಮಾತ್ರ ಕಳಿಸ್ಲಿ.

ವಕೀಲರಿಗೆ ಅಂತ ಒತ್ತಿ ಹೇಳೋಕೆ ಕಾರಣ ಇದೆ. ನಾನು ಪೇಟೆಂಟ್ ಏಜೆಂಟ್, ಅಂದ್ರೆ ಪೇಟೆಂಟ್ ಅರ್ಜಿ ಕೆಲಸ ಮಾಡೋನು, ವಕೀಲ ಅಲ್ಲ. ನಮ್ಮ ಕಾನೂನಲ್ಲಿ ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತಿಗೆ ಇರೋ ಗೌಪ್ಯತೆಯ ರಕ್ಷಣೆ ಬರೀ ಏಜೆಂಟ್ ಆಗಿರೋರ ಜೊತೆ ಮಾತಾಡಿದ್ದಕ್ಕೆ ಸಿಗಲ್ಲ. ವಾಟ್ಸಾಪ್ ಗ್ರೂಪಿನಲ್ಲಿ "ನಾವೂ ಹಂಗೇ ಮಾಡಿದೀವಿ ಕಣೋ" ಅಂತ ಗೆಳೆಯನಿಗೆ ಬರೆದ ಒಂದು ಸಾಲು ನಾಳೆ ಎದುರಿನವರ ಕೈಗೆ ಹೋದ್ರೆ ಬಿಡಿಸ್ಕೊಳ್ಳೋದು ಕಷ್ಟ. ಸಾಕಷ್ಟು ಜನ ಕೆಟ್ಟಿರೋದು ಕೋಡ್‌ನಿಂದ ಅಲ್ಲ, ಇಂಥ ಮೆಸೇಜ್‌ನಿಂದ.

ಈಗ ದಾರಿಗಳು. ಸುಮ್ನಿರೋದು ಒಂದು ದಾರಿ, ಭಾವನವರದ್ದು. ಇಂಥ ಮೇಲ್ ನೂರು ಜನಕ್ಕೆ ಕಳಿಸಿ ಉತ್ತರ ಕೊಟ್ಟವರ ಹಿಂದೆ ಮಾತ್ರ ಬೀಳೋರು ಇದಾರೆ, ಹಾಗಾಗಿ ಒಮ್ಮೊಮ್ಮೆ ಸುಮ್ನಿದ್ರೂ ಏನೂ ಆಗಲ್ಲ. ಅಪಾಯ ಏನಂದ್ರೆ, ಮೇಲ್ ತಲುಪಿದ ದಿನದಿಂದ ನಿಮಗೆ ಪೇಟೆಂಟ್ ಬಗ್ಗೆ ಗೊತ್ತಿತ್ತು ಅಂತ ಆಗತ್ತೆ, ಗೊತ್ತಿದ್ದೂ ಮುಂದುವರಿಸಿದ್ರು ಅಂತ ಸಾಬೀತಾದ್ರೆ ಅಮೆರಿಕದ ಕೋರ್ಟು ಪರಿಹಾರವನ್ನ ಮೂರು ಪಟ್ಟಿನವರೆಗೂ ಏರಿಸ್ಬೋದು. ಮತ್ತೆ ಟೆಕ್ಸಾಸ್ ವಿಷಯ. 2017ರಲ್ಲಿ ಸುಪ್ರೀಂ ಕೋರ್ಟು ಟಿಸಿ ಹಾರ್ಟ್‌ಲ್ಯಾಂಡ್ ಕೇಸಲ್ಲಿ ಅಮೆರಿಕದ ಕಂಪನಿಗಳನ್ನ ಎಲ್ಲೆಂದರಲ್ಲಿ ಎಳೆಯೋದನ್ನ ನಿಲ್ಲಿಸ್ತು, ನೋಂದಣಿ ಇರೋ ಕಡೆ ಅಥವಾ ಉಲ್ಲಂಘನೆ ನಡೆದು ಖಾಯಂ ಕಚೇರಿ ಇರೋ ಕಡೆ ಮಾತ್ರ ಅಂತ. (2019ರಲ್ಲಿ ಆ್ಯಪಲ್ ಇಂಥ ಕೇಸು ಹೆಚ್ಚು ಬರೋ ಟೆಕ್ಸಾಸ್‌ನ ಪೂರ್ವ ಜಿಲ್ಲೆಯಲ್ಲಿದ್ದ ತನ್ನ ಎರಡು ಅಂಗಡಿನೇ ಮುಚ್ಚಿಬಿಡ್ತು. ಅದಕ್ಕೂ ಮುಂಚೆ ಸ್ಯಾಮ್ಸಂಗ್ ಅಲ್ಲಿನ ಮಾರ್ಷಲ್ ಊರಿನ ಕೋರ್ಟಿನ ಎದುರೇ ಐಸ್ ಸ್ಕೇಟಿಂಗ್ ಅಂಗಳಕ್ಕೆ ದುಡ್ಡು ಕೊಟ್ಟಿತ್ತು, ಜ್ಯೂರಿ ಆಗೋರು ಊರಿನ ಜನಾನೇ ತಾನೇ.) ಆದ್ರೆ ಆ ರಕ್ಷಣೆ ವಿದೇಶಿ ಕಂಪನಿಗೆ ಇಲ್ಲ. ನೀವು ಶಿರಸಿಯವರಾದ್ದರಿಂದ ಆ್ಯಪಲ್‌ಗೆ ಸಿಗೋ ತಡೆ ನಿಮಗೆ ಸಿಗಲ್ಲ, ವಿಚಿತ್ರ ಅನ್ಸಿದ್ರೂ ಕಾನೂನು ಹಂಗಿದೆ.

ಇನ್ನೊಂದು ಕಡೆ ನೋಡಿದ್ರೆ, ಅಲ್ಲಿ ತೀರ್ಪು ಬಂದ್ರೂ ಅದನ್ನ ಹಿಡ್ಕೊಂಡು ನೇರವಾಗಿ ಶಿರಸಿ ಕೋರ್ಟಿಗೆ ಬಂದು ಜಪ್ತಿ ಮಾಡ್ಸೋಕಾಗಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ 44ಎ ಪ್ರಕಾರ ನೇರ ಜಾರಿ ಇರೋದು ಕೇಂದ್ರ ಸರ್ಕಾರ ಅಧಿಸೂಚಿಸಿದ ದೇಶಗಳಿಗೆ, ಅಮೆರಿಕ ಅದರಲ್ಲಿಲ್ಲ, ಇಲ್ಲಿ ಹೊಸದಾಗಿ ದಾವೆ ಹಾಕ್ಬೇಕು, ವಾದ ಕೇಳದೆ ಏಕಪಕ್ಷೀಯವಾಗಿ ಬಂದ ತೀರ್ಪಾದ್ರೆ 13ನೇ ಸೆಕ್ಷನ್ ಅಡಿ ಪ್ರಶ್ನಿಸೋಕೂ ಜಾಗ ಇದೆ. ಹಾಗಾಗಿ ನಿಮ್ಮ ಮನೆ ತೋಟಕ್ಕೆ ಬರೋ ಅಪಾಯ ದೂರದ್ದು. ಹತ್ತಿರದ ಅಪಾಯ ಅಂದ್ರೆ ಸ್ಟೋರ್‌ಗೆ ದೂರು ಕೊಟ್ಟು ಆ್ಯಪ್ ಇಳಿಸೋ ಒತ್ತಡ, ಅಮೆರಿಕದಿಂದ ಬರಬೇಕಾದ ದುಡ್ಡು ಸಿಕ್ಕಿಹಾಕ್ಕೊಳ್ಳೋದು.

ಎರಡನೇ ದಾರಿ, ಅಮೆರಿಕದ ಗಿರಾಕಿಗಳನ್ನ ನಿಲ್ಲಿಸೋದು. ಮುಂದಿನದು ನಿಲ್ಲತ್ತೆ, ಹಿಂದಿನ ಎರಡು ವರ್ಷದ್ದು ಉಳಿಯತ್ತೆ. ನಿಮ್ಮ ಲೆಕ್ಕದಲ್ಲಿ ಅಲ್ಲಿನ ಆದಾಯ ಒಟ್ಟಾರೆಯಾಗಿ ಅವರು ಕೇಳಿದ 18,000ದ ಹತ್ರಾನೂ ಬರಲ್ಲ ಅಂದ್ರಿ, ಈ ಒಂದು ವಾಕ್ಯವೇ ಮಾತುಕತೆಯಲ್ಲಿ ನಿಮ್ಮ ದೊಡ್ಡ ಬಲ, ಯಾಕಂದ್ರೆ ಪರಿಹಾರದ ಲೆಕ್ಕ ಸಾಮಾನ್ಯವಾಗಿ ಅಮೆರಿಕದ ಮಾರಾಟದ ಮೇಲೆ ಬರೋ ರಾಯಲ್ಟಿ. ಮೂರನೇದು ವಿನ್ಯಾಸ ಬದಲಿಸೋದು, ಟೋಕನ್ ಫೋನಲ್ಲಿ ಇಡದೆ ಬರೀ ಸರ್ವರ್‌ನಲ್ಲಿ ಇಡೋದು. ನಿಮ್ಮ ಹುಡುಗರಿಗೆ ಒಂದೆರಡು ವಾರದ ಕೆಲಸ ಅಂತ ನನ್ನ ಅಂದಾಜು, ಮತ್ತೆ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದೇ.

ಪೇಟೆಂಟನ್ನೇ ಬೀಳಿಸೋದು ನಾಲ್ಕನೇದು. ಅಮೆರಿಕದ ಪೇಟೆಂಟ್ ಆಫೀಸಲ್ಲಿ ಇಂಟರ್ ಪಾರ್ಟೀಸ್ ರಿವ್ಯೂ ಅಂತಿದೆ, ಪೇಟೆಂಟ್ ಊರ್ಜಿತವಾ ಅಂತ ಎರಡೂ ಕಡೆ ವಾದ ಕೇಳಿ ತೀರ್ಮಾನಿಸೋದು, ಅದು ದೊಡ್ಡವರ ಆಟ, ಆ ಖರ್ಚಿಗೆ ಹೋಲಿಸಿದ್ರೆ ಲೈಸೆನ್ಸೇ ಅಗ್ಗ. ಮರುಪರಿಶೀಲನೆಗೆ ಅರ್ಜಿ ಕೊಡೋದು ಕಮ್ಮಿ ಖರ್ಚಿಂದು, ಆದ್ರೆ ನಿಧಾನ. ಇಲ್ಲೆಲ್ಲ ಆಧಾರ ಅಂದ್ರೆ ಅರ್ಜಿಗಿಂತ ಮೊದಲೇ ಪ್ರಕಟವಾದ ಹಳೇ ದಾಖಲೆ, ಈ ಕ್ಷೇತ್ರದಲ್ಲಿ ಅದು ಬೇಕಾದಷ್ಟಿದೆ. ಜಪಾನಿನ ರ್ಯೋಯಿಚಿ ಮೋರಿ ಅನ್ನೋರು 1980ರ ದಶಕದಲ್ಲೇ, ಸಾಫ್ಟ್‌ವೇರ್ ಎಲ್ಲರಿಗೂ ಹಂಚಿ ಬಳಸಿದಷ್ಟಕ್ಕೆ ದುಡ್ಡು ವಸೂಲಿ ಮಾಡೋ ಸೂಪರ್ ಡಿಸ್ಟ್ರಿಬ್ಯೂಶನ್ ವ್ಯವಸ್ಥೆ ಯೋಚಿಸಿದ್ರು.

ಭಾರತದ ಪೇಟೆಂಟ್ ನಂಬರ್ ತೋರಿಸಿ ಯಾರಾದ್ರೂ ಬಂದ್ರೆ ಕಥೆ ಬೇರೆ. ನಮ್ಮ ಪೇಟೆಂಟ್ ಕಾಯಿದೆಯ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂ, ವ್ಯಾಪಾರದ ವಿಧಾನ, ಅಲ್ಗಾರಿದಂ ಇವು ಆವಿಷ್ಕಾರವೇ ಅಲ್ಲ, ಆದ್ರೆ ತಾಂತ್ರಿಕ ಪರಿಣಾಮ ತೋರಿಸಿದ್ರೆ ಸಿಗತ್ತೆ ಅಂತ 2019ರಲ್ಲಿ ದೆಹಲಿ ಹೈಕೋರ್ಟು ಫರೀದ್ ಅಲ್ಲಾನಿ ಕೇಸಲ್ಲಿ ಹೇಳಿದೆ. ಆಧಾರ ಇಲ್ಲದೆ ಬೆದರಿಸಿದ್ರೆ 106ನೇ ಸೆಕ್ಷನ್ ಅಡಿ ನೀವೇ ಅವರ ಮೇಲೆ ದಾವೆ ಹಾಕ್ಬೋದು, ಆದ್ರೆ 'ಇಂಥ ಪೇಟೆಂಟ್ ಇದೆ' ಅಂತ ಬರೀ ತಿಳಿಸಿದ್ದು ಬೆದರಿಕೆ ಅನ್ನಿಸ್ಕೊಳಲ್ಲ. ಈಗ ನಿಮಗೆ ಬಂದಿರೋ ಮೇಲ್‌ಗೆ ಇದು ಉಪಯೋಗಕ್ಕೆ ಬರಲ್ಲ, ಅದು ಅಮೆರಿಕದ ಪೇಟೆಂಟ್ ಬಗ್ಗೆ.

ನಾವೇ ಪೇಟೆಂಟ್ ಹಾಕ್ಬಿಟ್ರೆ ಅನ್ನೋದು. ಪೇಟೆಂಟ್ ಅಂದ್ರೆ ಇನ್ನೊಬ್ಬರನ್ನ ತಡೆಯೋ ಹಕ್ಕು, ನಿಮಗೆ ಮಾಡೋಕೆ ಅನುಮತಿ ಅಲ್ಲ. ನಿಮ್ಮ ಹತ್ರ ಪೇಟೆಂಟ್ ಇದ್ರೂ ಅವರದ್ದು ಉಲ್ಲಂಘಿಸಿದ್ರೆ ಉಲ್ಲಂಘನೆಯೇ. ಅದೂ ಅಲ್ದೆ ಆ್ಯಪ್ ಬಿಟ್ಟು ಎರಡು ವರ್ಷ ಆಯ್ತು, ನೀವೇ ಬಹಿರಂಗ ಮಾಡಿದ್ದರಿಂದ ಹೊಸತನ ಹೋಗಿದೆ, ಬಹಿರಂಗ ಮಾಡಿದ ಮೇಲೂ ಅರ್ಜಿ ಹಾಕೋಕೆ ಅಮೆರಿಕದಲ್ಲಿ ಇರೋ ಒಂದು ವರ್ಷದ ಸಡಿಲಿಕೆಯೂ ದಾಟಿದೆ. ಸ್ಟಾರ್ಟಪ್‌ಗೆ ಅರ್ಜಿ ಶುಲ್ಕ 1,600 ರೂಪಾಯಿ ಅಷ್ಟೇ ಅಂತ ಯಾರೋ ಆಸೆ ತೋರಿಸಿದಾರೆ ಅಂದ್ರಲ್ಲ, ಶುಲ್ಕ ಕಮ್ಮಿ, ಕರಡು ಬರೆಸೋ ಖರ್ಚು ಬೇರೆ. ಹೊಸದೇನಾದ್ರೂ ಮಾಡಿದಾಗ, ಬಿಡುಗಡೆಗೆ ಮುಂಚೆ ಬನ್ನಿ.

ನಾನು ನಿಮ್ಮ ಜಾಗದಲ್ಲಿದ್ರೆ ಹೀಗೆ ಮಾಡ್ತೀನಿ. ಈ ವಾರ ಪೇಟೆಂಟ್ ಗೊತ್ತಿರೋ ಒಬ್ಬ ವಕೀಲರನ್ನ ಹಿಡೀತೀನಿ, ಅವರ ಮೂಲಕ ಚಿಕ್ಕದೊಂದು ಉತ್ತರ: ಮೇಲ್ ಸಿಕ್ಕಿದೆ, ಪರಿಶೀಲಿಸ್ತಿದೀವಿ, ಯಾವ ಕ್ಲೇಮು, ಆ್ಯಪ್‌ನ ಯಾವ ಭಾಗಕ್ಕೆ ಹೇಗೆ ಹೊಂದತ್ತೆ ಅಂತ ಅಂಶವಾರು ಪಟ್ಟಿ ಕಳಿಸಿ, ಅವಧಿ ಮುಗಿದ ಪೇಟೆಂಟನ್ನ ಯಾಕೆ ಸೇರಿಸಿದೀರಿ ಅಂತ ತಿಳಿಸಿ. ಒಪ್ಪಿಗೆಯೂ ಇಲ್ಲ, ಬೈಗುಳವೂ ಇಲ್ಲ. ಪಟ್ಟಿ ಕೇಳಿದ ಮೇಲೆ ಮತ್ತೆ ಉಸಿರೆತ್ತದೇ ಹೋದವರನ್ನ ನೋಡಿದೀನಿ. ಅಷ್ಟರಲ್ಲಿ ಟೋಕನ್ ಬದಲಾವಣೆ ಮಾಡಿ ಹೊಸ ವರ್ಷನ್ ಬಿಟ್ಟಿರಿ, ಹಳೇ ಕೋಡ್, ಹಳೇ ಮೇಲ್ ಯಾವುದನ್ನೂ ಅಳಿಸ್ಬೇಡಿ. ಅವರು ನಿಜವಾಗ್ಲೂ ಗಟ್ಟಿ ಪಟ್ಟಿ ಕಳಿಸಿದ್ರೆ ಆಗ ದುಡ್ಡಿನ ಮಾತು, ಅದೂ ಅಮೆರಿಕದ ಮಾರಾಟದ ಲೆಕ್ಕದ ಮೇಲೆ, ಮತ್ತೆ ಕಾಗದದಲ್ಲಿ ಹಿಂದಿನದ್ದೆಲ್ಲ ಮನ್ನಾ, ಅದೇ ಕುಟುಂಬದ (ಒಂದೇ ಮೂಲ ಅರ್ಜಿಯಿಂದ ಬಂದ) ಎಲ್ಲಾ ಪೇಟೆಂಟ್‌ಗೂ ಅನ್ವಯ, ನಿಮ್ಮ ಕೇಳುಗರ ಮೇಲೂ ಹೋಗೋ ಹಾಗಿಲ್ಲ ಅನ್ನೋ ಮೂರೂ ಇರಬೇಕು. ಇಲ್ಲಾಂದ್ರೆ ಮುಂದಿನ ವರ್ಷ ಬೇರೆ ನಂಬರ್ ಹಾಕ್ಕೊಂಡು ಅವರೇ ಮತ್ತೆ ಬರ್ತಾರೆ.